ಕೋಡ್ ಹಾಕಿ ಬಿಡಿಸಿಕೊಂಡದ್ದು ಯಾರ ಒಡವೆ?

ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಮೆಟ್ರೊದಲ್ಲಿ ಓದ್ತೀವಿ ಅನ್ನೋರಿಗಾಗಿ ಇವತ್ತಿನ ಮಾತನ್ನು ಎಂದಿನಂತೆ ಬರಹಕ್ಕೆ ಇಳಿಸಿದ್ದೇನೆ.

ವಿಷಯ ನೋಡೋಕೆ ಸಣ್ಣದು: ಪ್ರೋಮೋ ಕೋಡ್. ಊಟ ತರಿಸುವಾಗ ಹಾಕೋ ಕೋಡ್ ಬಗ್ಗೆ ನಾನು ಹೇಳ್ತಿಲ್ಲ. ಫಾಂಟು, ಟೆಂಪ್ಲೇಟು, ಚಿತ್ರ, ಡಿಸೈನ್ ತಂತ್ರಾಂಶ, ಈಗ ಚಿತ್ರ ಬರೆದುಕೊಡುವ ಎಐ, ಇವೆಲ್ಲ ಒಂದು ವರ್ಷ ಫ್ರೀ ಅಂತ ಬರ್ತದಲ್ಲ, ಆ ಕೋಡ್. ಅದನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ ‘ರಿಡೀಮ್’ ಒತ್ತುತ್ತೇವೆ. ರಿಡೀಮ್ ಅಂದ್ರೆ ಕನ್ನಡದಲ್ಲಿ ಏನು? ಬ್ಯಾಂಕಿನಲ್ಲೋ ಸೇಟುವಿನ ಹತ್ತಿರವೋ ಅಡವಿಟ್ಟ ಒಡವೆಯನ್ನು ಬಿಡಿಸಿಕೊಂಡು ಬರೋದು. ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿದ್ದ ಕೆಲಸ. ಒಡವೆ ಬಿಡಿಸಿಕೊಂಡ ಮೇಲೆ ಅದು ಮನೆಯದು, ಮತ್ತೆ ಯಾರೂ ಕೇಳೋ ಹಾಗಿಲ್ಲ. ಕೋಡ್ ಹಾಕಿ ನಾವು ಬಿಡಿಸಿಕೊಳ್ಳೋದು ಆ ಥರ ಮನೆಗೆ ಬರುತ್ತದೆಯೇ? ಕನ್ನಡದ ಅಕ್ಷರಗಳು ಕಂಪ್ಯೂಟರಿಗೆ ಬಂದ ಚರಿತ್ರೆಯನ್ನೇ ಹಿಡಿದು ನೋಡೋಣ. ಯಾಕಂದ್ರೆ ಆ ಚರಿತ್ರೆಯ ಒಂದು ತುದಿ ಇದೇ ದೆಹಲಿಯಲ್ಲಿದೆ.

ಕತ್ತರಿಸಿದ ಕಾಗದದಿಂದ ಶುರು

ಕೂಪನ್ ಅನ್ನೋ ಮಾತು ಫ್ರೆಂಚ್ ಭಾಷೆಯದು, ‘ಕತ್ತರಿಸು’ ಅನ್ನೋ ಕ್ರಿಯಾಪದದಿಂದ ಹುಟ್ಟಿದ್ದು. ಅಮೆರಿಕದ ಅಟ್ಲಾಂಟಾದಲ್ಲಿ 1880ರ ದಶಕದ ಕೊನೆಗೆ ಏಸಾ ಕ್ಯಾಂಡ್ಲರ್ ಒಂದು ಲೋಟ ಕೋಕಾ-ಕೋಲಾ ಉಚಿತ ಅಂತ ಚೀಟಿ ಹಂಚಿದ. ವ್ಯಾಪಾರದ ಕೂಪನ್ನಿನ ಕತೆ ಹೇಳುವವರೆಲ್ಲ ಅಲ್ಲಿಂದಲೇ ಶುರು ಮಾಡ್ತಾರೆ. ಗಮನಿಸಿ, ಆ ಚೀಟಿ ಕೊಟ್ಟವನು ಕುಡಿದ ಪಾನೀಯವನ್ನು ಯಾರೂ ವಾಪಸ್ ಕೇಳುವಂತಿರಲಿಲ್ಲ. ವ್ಯವಹಾರ ಅಲ್ಲಿಗೆ ಮುಗೀತು.

ನಮ್ಮ ದೆಹಲಿಯದೂ ಒಂದು ಕೂಪನ್ ಕತೆ ಇದೆ. ಸ್ನ್ಯಾಪ್‌ಡೀಲ್ ಕಟ್ಟಿದ ಕುನಾಲ್ ಬಹ್ಲ್ ಮತ್ತು ರೋಹಿತ್ ಬನ್ಸಾಲ್ ಮೊದಲು ಮಾರಿದ್ದು ‘ಮನಿಸೇವರ್’ ಅನ್ನೋ ಕೂಪನ್ ಪುಸ್ತಕ. ಹೋಟೆಲು, ಅಂಗಡಿಗಳ ರಿಯಾಯಿತಿ ಚೀಟಿಗಳ ಕಟ್ಟು. 2010ರ ಫೆಬ್ರವರಿಯಲ್ಲಿ ಅದೇ ವ್ಯವಹಾರ ಜಾಲತಾಣವಾಯಿತು, ದಿನಕ್ಕೊಂದು ಡೀಲ್ ಮಾರುವ ಸ್ನ್ಯಾಪ್‌ಡೀಲ್ ಆಯಿತು. ಕಾಗದ ಹೋಗಿ ಕೋಡ್ ಬಂತು.

ಕೋಡ್ ಬಂದಾಗ ಒಳಗೆ ಏನು ಬದಲಾಯಿತು ಅನ್ನೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ದಿನಾ ಅದೇ ಕೆಲಸ ಮಾಡೋರು ನೀವು. ಡೇಟಾಬೇಸಿನಲ್ಲಿ ಒಂದು ಸಾಲು: ಕೋಡ್ ಯಾವುದು, ಎಷ್ಟು ಸಲ ಬಳಸಬಹುದು, ಯಾವ ತಾರೀಖಿನವರೆಗೆ, ಯಾವ ಖಾತೆಗೆ. ನೀವು ಒತ್ತಿದ ತಕ್ಷಣ ನಿಮ್ಮ ಖಾತೆಯ ಎದುರು ಒಂದು ಅನುಮತಿ ಬರೆದುಕೊಳ್ತದೆ. ಅದರ ಪಕ್ಕದಲ್ಲೇ ಅದು ಮುಗಿಯೋ ದಿನವೂ ಇರ್ತದೆ. ಕ್ಯಾಂಡ್ಲರ್‌ನ ಗಿರಾಕಿಗೆ ವಸ್ತು ಸಿಕ್ಕಿತ್ತು. ನಮಗೆ ಸಿಗೋದು ಆ ವಸ್ತುವಿನ ಮೇಲೆ ಅವಧಿಯ ಅನುಮತಿ.

ಬೀಗ ಹಾಕಿದ ಅಕ್ಷರಗಳು

ಈಗ ಕನ್ನಡಕ್ಕೆ ಬರೋಣ. ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ತರೋ ದೊಡ್ಡ ಪ್ರಯತ್ನ ನಡೆದದ್ದು ಐಐಟಿ ಕಾನ್ಪುರದಲ್ಲಿ. ಅಲ್ಲಿ ಮಾಡಿದ ದೇವನಾಗರಿ ಟರ್ಮಿನಲ್ಲನ್ನು 1983ರಲ್ಲಿ ದೆಹಲಿಯ ವಿಶ್ವ ಹಿಂದಿ ಸಮ್ಮೇಳನದಲ್ಲಿ ತೋರಿಸಿದರು. ಆ ಕೆಲಸವೇ ಬೆಳೆದು ಮುಂದೆ ಸಿ-ಡ್ಯಾಕ್ ಸಂಸ್ಥೆಯ ‘ಜಿಸ್ಟ್’ ಆಯಿತು. ಕಂಪ್ಯೂಟರಿನ ಒಳಗೆ ಒಂದು ಕಾರ್ಡ್ ಕೂರಿಸಿದರೆ ಕನ್ನಡವೂ ಸೇರಿ ನಮ್ಮ ಲಿಪಿಗಳು ಪರದೆಯ ಮೇಲೆ ಬರ್ತಿದ್ದವು. ಅಂದ್ರೆ ಅಕ್ಷರ ಬೇಕಿದ್ದರೆ ಕಾರ್ಡ್ ಕೊಳ್ಳಬೇಕು.

ಮುಂದೆ ಡಿಟಿಪಿ ಕಾಲ. ಪುಣೆಯ ಶ್ರೀಲಿಪಿ, ಬೆಂಗಳೂರಿನ ಆಕೃತಿ, ಪ್ರಕಾಶಕ್. ಆ ಕಾಲದ ಭಾರತೀಯ ಭಾಷಾ ತಂತ್ರಾಂಶಗಳಲ್ಲಿ ಡಾಂಗಲ್ ಸಾಮಾನ್ಯವಾಗಿತ್ತು. ಪ್ರಿಂಟರ್ ಪೋರ್ಟಿಗೆ ಸಿಕ್ಕಿಸೋ ಬೆರಳುದ್ದದ ಬೀಗ. ಅದು ಕಳೆದರೆ ಅಂಗಡಿ ಬಂದ್. ಇವತ್ತಿನ ಕೋಡ್ ಆ ಡಾಂಗಲ್ಲಿನ ಮೊಮ್ಮಗ.

ಬೀಗಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಪ್ರತಿಯೊಂದು ಕಂಪನಿ ತನಗೆ ತೋಚಿದ ಹಾಗೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕನ್ನಡ ಹೋಗಿ ಇಂಗ್ಲಿಷಿನ ಕಸ ಕಾಣ್ತಿತ್ತು. ಬರೆದದ್ದು ನಾವು, ಆದರೆ ಓದುವ ಬೀಗದ ಕೈ ಬೇರೆಯವರ ಹತ್ತಿರ.

ಈ ಬೀಗವನ್ನು ಸಡಿಲಿಸಿದವರನ್ನು ನೆನೆಯಬೇಕು. ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡ ಹೊಂದಿಸಿ ತೋರಿಸಿದವರು ಕೆ.ಪಿ. ರಾವ್. ಅವರ ವಿನ್ಯಾಸವೇ ಇಂದಿನ ಅಧಿಕೃತ ಕೀಲಿಮಣೆಗೆ ಆಧಾರ. 1998ರಲ್ಲಿ ಶೇಷಾದ್ರಿವಾಸು ‘ಬರಹ’ವನ್ನು ಉಚಿತವಾಗಿ ಹಂಚಿದರು. ಹೊರನಾಡಿನ ಎಷ್ಟೋ ಕನ್ನಡಿಗರು ಕಂಪ್ಯೂಟರಿನಲ್ಲಿ ಮೊದಲ ಕನ್ನಡ ಸಾಲು ಬರೆದದ್ದು ಅದರಲ್ಲೇ. (ಮುಂದೆ ಬರಹವೂ ಹಣ ಕೊಟ್ಟು ಕೊಳ್ಳೋದಾಯಿತು, ಅದು ನಂತರದ ಮಾತು.) ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು, ಕರ್ನಾಟಕ ಸರ್ಕಾರದ ಕಚೇರಿಗಳಿಗೂ ಜನರಿಗೂ ಉಚಿತವಾಗಿ.

ಲೋಧಿ ರಸ್ತೆಯಿಂದ ಬಂದ ಸಿ.ಡಿ.

ಇಲ್ಲಿ ದೆಹಲಿ ಮತ್ತೆ ಬರುತ್ತದೆ. ಲೋಧಿ ರಸ್ತೆಯ ಸಿಜಿಒ ಕಾಂಪ್ಲೆಕ್ಸ್‌ನಲ್ಲಿ ಎಲೆಕ್ಟ್ರಾನಿಕ್ಸ್ ನಿಕೇತನ ಅಂತ ಕಟ್ಟಡ ಇದೆ. ಎಷ್ಟೋ ಜನ ಅದರ ಮುಂದೆ ಹಾದು ಹೋಗಿರ್ತೀರಿ. ಕೇಂದ್ರ ಸರ್ಕಾರದ ಭಾಷಾ ತಂತ್ರಜ್ಞಾನ ಕಾರ್ಯಕ್ರಮ ಟಿಡಿಐಎಲ್ ನಡೆದದ್ದು ಅಲ್ಲಿಂದ. 2005ರಲ್ಲಿ ಅವರು ಒಂದು ಕೆಲಸ ಮಾಡಿದರು: ಭಾಷೆಗೊಂದರಂತೆ ಉಚಿತ ಸಿ.ಡಿ. ಏಪ್ರಿಲ್‌ನಲ್ಲಿ ತಮಿಳು, ಜೂನ್‌ನಲ್ಲಿ ಹಿಂದಿ, ಮುಂದೆ ಕನ್ನಡವೂ ಸೇರಿ ಉಳಿದ ಭಾಷೆಗಳು. ಒಳಗೆ ಫಾಂಟುಗಳು, ಕೀಲಿಮಣೆ ತಂತ್ರಾಂಶ, ನಮ್ಮ ಭಾಷೆಗೆ ಹೊಂದಿಸಿದ ಓಪನ್ ಆಫೀಸ್, ಹೀಗೆ. ಜಾಲತಾಣದಿಂದ ಇಳಿಸಿಕೊಳ್ಳಬಹುದಿತ್ತು. ನೆಟ್ ನಿಧಾನ ಇದ್ದವರು ಹೆಸರು, ವಿಳಾಸ ನೋಂದಾಯಿಸಿದರೆ ಸಿ.ಡಿ. ಅಂಚೆಯಲ್ಲಿ ಬರ್ತಿತ್ತು.

ಹೆಸರು ಕೊಡು, ಡಿಜಿಟಲ್ ಸಾಮಾನು ತಗೋ. ಇದೂ ಒಂದು ಥರದ ರಿಡೀಮ್ ತಾನೇ? ಆದರೆ ಇಲ್ಲಿ ವಸ್ತು ನಿಜವಾಗಿ ಮನೆಗೆ ಬಂತು. ಹನ್ನೆರಡು ತಿಂಗಳಾದ ಮೇಲೆ ಆ ಫಾಂಟು ನಿಮ್ಮ ಕಂಪ್ಯೂಟರಿನಿಂದ ಎದ್ದು ಹೋಗಲಿಲ್ಲ.

ಬಾಗಿಲು ತೆರೆದ ವರ್ಷವೇ ಬಾಡಿಗೆ

ಇನ್ನು ಈ ಕತೆಯ ವಿಚಿತ್ರ ತಿರುವು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟ್ ಬಂತು. ಆದರೂ ಪತ್ರಿಕೆ, ಪುಸ್ತಕ ಮಾಡೋರು ಹಳೇ ಫಾಂಟ್ ಬಿಡಲಿಲ್ಲ. ಸೋಮಾರಿತನಕ್ಕಲ್ಲ. ಅಡೋಬಿಯ ಪುಟ ವಿನ್ಯಾಸದ ತಂತ್ರಾಂಶದಲ್ಲಿ ಯುನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಚೆಲ್ಲಾಪಿಲ್ಲಿ ಆಗ್ತಿತ್ತು. ಅದು ಸರಿಹೋದದ್ದು 2012ರ ಸಿಎಸ್ 6 ಆವೃತ್ತಿಯಲ್ಲಿ. ಹತ್ತು ಭಾರತೀಯ ಭಾಷೆಗಳಿಗೆ, ಕನ್ನಡವೂ ಸೇರಿ, ಬೆಂಬಲ ಬಂತು.

ಅದೇ 2012ರಲ್ಲಿ ಅದೇ ಕಂಪನಿ ಕ್ರಿಯೇಟಿವ್ ಕ್ಲೌಡ್ ಶುರು ಮಾಡಿತು, ತಿಂಗಳ ಬಾಡಿಗೆಯ ಪದ್ಧತಿ. 2013ರಲ್ಲಿ ಇನ್ನು ಮುಂದೆ ಹೊಸ ಆವೃತ್ತಿಗಳು ಬಾಡಿಗೆಗೆ ಮಾತ್ರ ಅಂದಿತು. ಶಾಶ್ವತವಾಗಿ ಕೊಳ್ಳಬಹುದಾಗಿದ್ದ ಕೊನೇ ಸಂಪುಟ ಸಿಎಸ್ 6. ಕನ್ನಡ ಸರಿಯಾಗಿ ಒಳಗೆ ಕಾಲಿಡೋ ಹೊತ್ತಿಗೆ ಬಾಗಿಲಿಗೆ ‘ಮನೆ ಬಾಡಿಗೆಗಿದೆ’ ಬೋರ್ಡು ಬಿದ್ದಿತ್ತು. ಡಿಸೈನ್ ಸಾಮಗ್ರಿಯ ಪ್ರೋಮೋ ಕೋಡಿಗೆ ಇಷ್ಟು ಬೆಲೆ ಬಂದದ್ದು ಆಮೇಲೆಯೇ. ವಸ್ತು ಮಾರೋ ಕಾಲದಲ್ಲಿ ಕೋಡ್ ಅಂದ್ರೆ ರಿಯಾಯಿತಿ. ಬಾಡಿಗೆ ಕಾಲದಲ್ಲಿ ಕೋಡ್ ಅಂದ್ರೆ ಮೊದಲ ಕೆಲವು ತಿಂಗಳು ಬಾಡಿಗೆ ಮಾಫಿ.

ಇದರಿಂದ ನಮಗೇನು ನಷ್ಟ ಅಂತೀರಾ? ನಾನು ಕಣ್ಣಾರೆ ಕಂಡದ್ದು ಹೇಳ್ತೀನಿ. ನಮ್ಮ ಕಡೆಯ ಒಂದಷ್ಟು ಕನ್ನಡ ಕುಟುಂಬಗಳು ಸೇರಿ ಪ್ರತಿ ರಾಜ್ಯೋತ್ಸವಕ್ಕೆ ಸಣ್ಣ ಸ್ಮರಣ ಸಂಚಿಕೆ ತರ್ತೇವೆ. ಮಕ್ಕಳ ಚಿತ್ರ, ಹಿರಿಯರ ನೆನಪು, ದೆಹಲಿಗೆ ಬಂದು ಮೂವತ್ತು ನಲವತ್ತು ವರ್ಷ ಆದವರ ಲೇಖನ. ಒಂದು ವರ್ಷ ಆನ್‌ಲೈನ್ ಡಿಸೈನ್ ಸೇವೆಯೊಂದರ ಕೋಡ್ ಸಿಕ್ಕಿತು, ಹೆಸರು ಬೇಡ. ಸಂಚಿಕೆ ಬಹಳ ಚೆನ್ನಾಗಿ ಬಂತು. ಅದರಲ್ಲಿ ಲೇಖನ ಬರೆದ ಹಿರಿಯರೊಬ್ಬರು ತೀರಿಕೊಂಡಾಗ ಆ ಪುಟಗಳನ್ನು ಮತ್ತೆ ತೆಗೆದು ಪುಸ್ತಿಕೆ ಮಾಡೋಣ ಅಂದ್ರು ಅವರ ಮಗಳು. ಅಷ್ಟರಲ್ಲಿ ಅವಧಿ ಮುಗಿದಿತ್ತು. ಕಡತ ಕಾಣ್ತದೆ, ಆದರೆ ಚಿತ್ರಗಳ ಮೇಲೆಲ್ಲ ಕಂಪನಿಯ ಮುದ್ರೆ, ಫಾಂಟ್ ಬದಲು. ಕೊನೆಗೆ ಮುದ್ರಿತ ಪ್ರತಿ ನೋಡಿಕೊಂಡು ಇಡೀ ಲೇಖನ ಮತ್ತೆ ಟೈಪ್ ಮಾಡಿದೆವು. ಅದೇ ಗುಂಪಿನ 2004ರ ಸಂಚಿಕೆ ‘ನುಡಿ’ಯಲ್ಲಿತ್ತು. ಅರವಿಂದ ವಿ.ಕೆ. ಅವರು ಮಾಡಿಟ್ಟ ಮುಕ್ತ ಪರಿವರ್ತಕದಲ್ಲಿ ಹಾಕಿದೆವು, ಯುನಿಕೋಡ್ ಆಗಿ ಹೊರಗೆ ಬಂತು. ಇಪ್ಪತ್ತು ವರ್ಷದ ಹಿಂದಿನದು ಉಳಿಯಿತು, ಮೊನ್ನೆಯದು ಸಿಕ್ಕಿಹಾಕಿಕೊಂಡಿತು.

ಕೋಡೇ ಬೇಡದ ಸಾಮಗ್ರಿ

ಇನ್ನೊಂದು ಹಾದಿ ಜೊತೆಜೊತೆಗೇ ಬೆಳೆದಿದೆ. ಆಕೃತಿ ಕಂಪನಿ ತನ್ನ ಕೆಲವು ಫಾಂಟುಗಳನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ರೆಡ್ ಹ್ಯಾಟ್ ‘ಲೋಹಿತ್’ ಕೊಟ್ಟಿತು. ಅದೇ ಅರವಿಂದರು ‘ಗುಬ್ಬಿ’, ‘ನವಿಲು’ ಕೊಟ್ಟರು. ಇವತ್ತು ಗೂಗಲ್ ಫಾಂಟ್ಸ್‌ನಲ್ಲಿ ನೋಟೊ, ಮುಂಬೈಯ ಏಕ್ ಟೈಪ್‌ನವರ ‘ಬಾಲೂ ತಮ್ಮ’, ‘ಅನೇಕ್ ಕನ್ನಡ’ ಇವೆ. ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಹಳಗನ್ನಡ, ನಡುಗನ್ನಡ ಪುಸ್ತಕಗಳಿಗಾಗಿ ರೂಪಿಸಿದ ಅಕ್ಷರವೂ ‘ಟೈರೊ ಕನ್ನಡ’ ಅಂತ ಅಲ್ಲೇ ಇದೆ. ಮದುವೆ ಪತ್ರಿಕೆಗೆ ಬಳಸಿ, ಅಂಗಡಿ ಬೋರ್ಡಿಗೆ ಬಳಸಿ, ಆ್ಯಪ್‌ನಲ್ಲಿ ಸೇರಿಸಿ, ಯಾರ ಅಪ್ಪಣೆಯೂ ಬೇಕಿಲ್ಲ. ಮುಗಿಯೋ ದಿನ ಅನ್ನೋದೇ ಇಲ್ಲ.

ಹಾಗಂತ ಕೋಡ್ ಬಳಸಲೇಬೇಡಿ ಅಂತ ನಾನು ಹೇಳೋಲ್ಲ. 2025ರ ಜುಲೈನಲ್ಲಿ ಏರ್‌ಟೆಲ್ ತನ್ನ 36 ಕೋಟಿ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿ ಪ್ರೊ ಒಂದು ವರ್ಷ ಉಚಿತ ಅಂದಿತು, ವರ್ಷಕ್ಕೆ 17,000 ರೂಪಾಯಿಯ ಸೇವೆ ಅಂತ. ಕಲಿಯೋಕೆ, ಪರೀಕ್ಷೆ ಮಾಡಿ ನೋಡೋಕೆ ಇಂಥದ್ದು ಒಳ್ಳೇದೇ. ಆದರೆ ಒತ್ತುವ ಮೊದಲು ಮೂರು ವಿಷಯ ನೋಡಿಕೊಳ್ಳಿ.

ಒಂದು, ಕಾರ್ಡ್ ಅಥವಾ ಯುಪಿಐ ಮ್ಯಾಂಡೇಟ್ ಕೇಳ್ತಿದ್ದಾರಾ? ಕೇಳಿದರೆ ಉಚಿತ ಅವಧಿ ಮುಗಿಯೋ ದಿನವನ್ನು ಅವತ್ತೇ ಕ್ಯಾಲೆಂಡರಿಗೆ ಹಾಕಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಹಣ ತಾನಾಗಿ ಕಟ್ ಆಗೋ ಮೊದಲು, ಕನಿಷ್ಠ 24 ಗಂಟೆ ಮುಂಚೆ, ಸಂದೇಶ ಬರಬೇಕು. ಆ ಸಂದೇಶವನ್ನು ಜಾಹೀರಾತು ಅಂತ ಅಳಿಸಬೇಡಿ.

ಎರಡು, ಅವಧಿ ಮುಗಿದ ಮೇಲೆ ನೀವು ಮಾಡಿದ ಕೆಲಸ ನಿಮ್ಮ ಕೈಗೆ ಸಿಗ್ತದಾ? ಅವಧಿ ಇರುವಾಗಲೇ ಪಿಡಿಎಫ್ ಒಂದು, ಬರೀ ಪಠ್ಯ ಯುನಿಕೋಡ್‌ನಲ್ಲಿ ಒಂದು, ಚಿತ್ರಗಳ ಮೂಲ ಪ್ರತಿ ಒಂದು, ಬೇರೆ ಇಟ್ಟುಕೊಳ್ಳಿ.

ಮೂರು, ಅಲ್ಲಿ ಬಳಸಿದ ಫಾಂಟು, ಚಿತ್ರಕ್ಕೆ ಮುಂದೆಯೂ ಪರವಾನಗಿ ಇದೆಯಾ? ಇಲ್ಲದಿದ್ದರೆ ಸಂಘದ ಕೆಲಸಕ್ಕೆ, ಮಕ್ಕಳ ಕೆಲಸಕ್ಕೆ ಮುಕ್ತ ಫಾಂಟೇ ಸಾಕು.

ಹೊರನಾಡಿನಲ್ಲಿ ನಾವು ಬರೆಯೋ ಕನ್ನಡ ಕಡಿಮೆ. ಸಂಚಿಕೆ, ಆಮಂತ್ರಣ, ಮಕ್ಕಳ ನಾಟಕದ ಪ್ರತಿ, ಇಷ್ಟೇ. ಇವನ್ನು ಯಾವ ಗ್ರಂಥಾಲಯವೂ ಕಾದಿಡೋಲ್ಲ, ನಾವೇ ಕಾಯಬೇಕು. ಕೋಡ್ ಹಾಕಿ ಒಡವೆ ತೊಟ್ಟುಕೊಂಡು ಮೆರೆಯೋಣ, ತಪ್ಪಿಲ್ಲ. ಬಾಡಿಗೆ ಒಡವೆ ಅನ್ನೋದು ನೆನಪಿದ್ದರೆ ಆಯಿತು. ಮನೆಯ ತಾಳಿಯನ್ನು ಮಾತ್ರ ಆ ಪೆಟ್ಟಿಗೆಯಲ್ಲಿ ಇಡಬೇಡಿ.

ನಿಮ್ಮ ಹಳೇ ಸಂಚಿಕೆಗಳು ಯಾವ ಸಿ.ಡಿ.ಯಲ್ಲಿ, ಯಾವ ಫಾಂಟಿನಲ್ಲಿ ಇವೆ ಅಂತ ಈ ಭಾನುವಾರ ಒಮ್ಮೆ ತೆಗೆದು ನೋಡಿ.