ಹಿತ್ತಲ ಮೀನುಕೊಳಕ್ಕೆ ಎಂಥ ಗಾಳಿಪಂಪು?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಬೇಸಿಗೆಯಲ್ಲಿ ಹಿತ್ತಲಲ್ಲಿ ಮೀನು ಸಾಕುವವರೇ, ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಎಚ್ಚರ! ನೀರಿನಲ್ಲಿ ಆಕ್ಸಿಜನ್ ಕುಸಿದಿರಬಹುದು.

ನಿರ್ದಿಷ್ಟ ತಾಪದಲ್ಲಿ ನೀರಿನಲ್ಲಿ ಕರಗುವ ಅನಿಲವು ಅದರ ಒತ್ತಡಕ್ಕೆ ಅನುಪಾತದಲ್ಲಿರುತ್ತದೆಂದು 1803ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ತೋರಿಸಿದನು. 1850ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಜಲಸಸ್ಯಗಳಿಂದಲೇ ಮೀನಿಗೆ ಆಕ್ಸಿಜನ್ ಒದಗಿಸಿದನು. ಆದರೆ ರಾತ್ರಿ ಸಸ್ಯಗಳೂ ಆಕ್ಸಿಜನ್ ಬಳಸುತ್ತವೆ. ಆದ್ದರಿಂದಲೇ ಬೆಳಗಿನ ಜಾವದ ಕೊರತೆ. ಇದನ್ನು ಅಳೆಯುವ ರಾಸಾಯನಿಕ ವಿಧಾನವನ್ನು 1888ರಲ್ಲಿ ಹಂಗೇರಿಯ ವಿಂಕ್ಲರ್ ಕೊಟ್ಟನು. 20° ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9.1 ಮಿ.ಗ್ರಾಂ. ಆಕ್ಸಿಜನ್ ಕರಗಿದರೆ, 30°ಯಲ್ಲಿ 7.5 ಮಾತ್ರ. ಗೆಂಡೆ ಮೀನಿಗೆ 5ರಷ್ಟಾದರೂ ಇರುವುದು ಒಳ್ಳೆಯದು.

ಇನ್ನು ಆಯ್ಕೆ. ವಿಸ್ತಾರವಾದ ಕೊಳಕ್ಕೆ ನೀರು ಚಿಮ್ಮಿಸುವ ಚಕ್ರ ಸರಿ. ಹಿತ್ತಲ ಕೊಳಕ್ಕೆ ಗಾಳಿಪಂಪು ಹಾಗೂ ರಂಧ್ರಗಳಿರುವ ಗಾಳಿಕಲ್ಲು ಸಾಕು. ಅಷ್ಟೇ ಗಾಳಿ ಅರ್ಧ ವ್ಯಾಸದ ಗುಳ್ಳೆಗಳಾದರೆ ಒಟ್ಟು ಮೇಲ್ಮೈ ಇಮ್ಮಡಿಯಾಗುತ್ತದೆ. ಪ್ರತಿ ಮೀಟರ್ ಆಳಕ್ಕೆ ಪಂಪು ಸುಮಾರು 10 ಕಿಲೊಪಾಸ್ಕಲ್ ಒತ್ತಡವನ್ನು ಮೀರಬೇಕು. ಗಾಜಿನ ತೊಟ್ಟಿಯ ಪುಟ್ಟ ಪಂಪು ಆಳದ ಕೊಳಕ್ಕೆ ಸಾಲದು. ಬ್ಯಾಟರಿಯಿಲ್ಲದ ಸೌರಪಂಪು, ಅಗತ್ಯವಿರುವ ರಾತ್ರಿಯಲ್ಲೇ ನಿಂತಿರುತ್ತದೆ.

ಕೊಳ್ಳುವ ಮುನ್ನ ವಿಂಕ್ಲರ್ ವಿಧಾನದಿಂದ ಸೂರ್ಯೋದಯಕ್ಕೆ ಮೊದಲು ಒಮ್ಮೆ ಅಳೆದು ನೋಡಿ. ವಿದ್ಯಾರ್ಥಿಗಳಿಗೆ ಅದೇ ಒಳ್ಳೆಯ ಪ್ರಯೋಗ.