ಗೇರಿಲ್ಲದ ಮಹಡಿ ಬಸ್ಸು

1914ರ ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಲಂಡನ್ನಿನ ಕೊನೆಯ ಕುದುರೆ ಬಸ್ಸು ಓಡಿದ್ದೂ ಅದೇ ದಿನ. ಪೆಕಮ್ ಬಡಾವಣೆಯ ಆ ಬಸ್ಸು ಥಾಮಸ್ ಟಿಲ್ಲಿಂಗ್ ಸಂಸ್ಥೆಗೆ ಸೇರಿತ್ತು. ದಶಕಗಳಿಂದ ಕುದುರೆಗಳನ್ನು ನೆಚ್ಚಿ ಬೆಳೆದಿದ್ದ ಸಂಸ್ಥೆಯದು. ಕುದುರೆಗಳು ಲಾಯದಿಂದ ಹೊರಬಿದ್ದ ಕಥೆಯನ್ನು ಸಾರಿಗೆಯ ಚರಿತ್ರೆಗಳು ಹೇಳುತ್ತವೆ. ಆದರೆ ಲಗಾಮು ಹಿಡಿದಿದ್ದ ಕೈಗಳು ಸ್ಟಿಯರಿಂಗ್ ಚಕ್ರಕ್ಕೆ ಹೇಗೆ ಒಗ್ಗಿದವು ಎಂಬುದನ್ನು ನಾವು ವಿಚಾರಿಸುವುದು ಕಡಿಮೆ.

ಆ ಒಗ್ಗಿಕೊಳ್ಳುವಿಕೆ ಸುಲಭದ್ದಾಗಿರಲಿಲ್ಲ. ಅಂದಿನ ಮೋಟಾರು ಬಸ್ಸಿನ ಗೇರ್ ಪೆಟ್ಟಿಗೆ ಒರಟು ಸ್ವಭಾವದ್ದು. ಎಂಜಿನ್ನಿನ ವೇಗವನ್ನೂ ಬಸ್ಸಿನ ವೇಗವನ್ನೂ ಕಿವಿಯಿಂದಲೇ ಅಳೆದು, ಸರಿಯಾದ ಕ್ಷಣದಲ್ಲಿ ಕ್ಲಚ್ಚನ್ನು ಎರಡು ಬಾರಿ ಒತ್ತದಿದ್ದರೆ ಹಲ್ಲುಚಕ್ರಗಳು ಒಂದನ್ನೊಂದು ಕಚ್ಚಿ ಕಿರುಚುತ್ತಿದ್ದವು. ಬಸ್ಸುಗಳ ಸದ್ದಿನ ವಿಷಯದಲ್ಲಿ ಲಂಡನ್ ಪೊಲೀಸರದು ಬಲು ಕಟ್ಟುನಿಟ್ಟು. ಅರ್ಧ ಆಯುಷ್ಯವನ್ನು ಕುದುರೆಗಳೊಡನೆ ಕಳೆದ ಸಾರಥಿಗೆ ಇದು ಹೊಸ ಭಾಷೆಯನ್ನು ಕಲಿತಂತೆಯೇ ಇತ್ತು.

ಟಿಲ್ಲಿಂಗ್ ಸಂಸ್ಥೆಯ ಎಂಜಿನಿಯರ್ ಪರ್ಸಿ ಫ್ರಾಸ್ಟ್ ಸ್ಮಿತ್ ಮತ್ತು ಮೇಡ್‌ಸ್ಟನ್ನಿನ ಡಬ್ಲ್ಯು. ಎ. ಸ್ಟೀವನ್ಸ್ ಕಂಡುಕೊಂಡ ದಾರಿ ಬೇರೆ. ಚಾಲಕನನ್ನು ತಿದ್ದುವ ಬದಲು ಅವರು ಯಂತ್ರವನ್ನೇ ತಿದ್ದಿದರು. 1911ರಲ್ಲಿ ಬೀದಿಗಿಳಿದ ಅವರ ಬಸ್ಸಿನಲ್ಲಿ ಪೆಟ್ರೋಲ್ ಎಂಜಿನ್ ಚಕ್ರಗಳನ್ನು ನೇರವಾಗಿ ತಿರುಗಿಸುತ್ತಿರಲಿಲ್ಲ. ಎಂಜಿನ್ ಒಂದು ಡೈನಮೊವನ್ನು ತಿರುಗಿಸುತ್ತಿತ್ತು. ಡೈನಮೊ ಹುಟ್ಟಿಸಿದ ವಿದ್ಯುತ್ತು ಮೋಟಾರಿಗೆ ಹರಿದು, ಮೋಟಾರು ಹಿಂಬದಿಯ ಅಚ್ಚನ್ನು ತಿರುಗಿಸುತ್ತಿತ್ತು. ನಡುವೆ ಕ್ಲಚ್ಚೂ ಇಲ್ಲ, ಗೇರ್ ಪೆಟ್ಟಿಗೆಯೂ ಇಲ್ಲ. ಇದ್ದದ್ದು ತಂತಿ ಮಾತ್ರ.

ಇಂಥ ಒಂದು ಬಸ್ಸು, 1914ರ ಟಿಲ್ಲಿಂಗ್ ಸ್ಟೀವನ್ಸ್ ಟಿಎಸ್3, ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಆಂಬರ್ಲಿ ಸಂಗ್ರಹಾಲಯದಲ್ಲಿ ಉಳಿದಿದೆ. ಅದರ ಮೇಲ್ಮಹಡಿಗೆ ಚಾವಣಿಯಿಲ್ಲ. ಅದನ್ನು ನಡೆಸುವ ಕ್ರಮ ಇಂದಿನ ಚಾಲಕನಿಗೆ ವಿಚಿತ್ರವೆನಿಸಬಹುದು. ಎಂಜಿನ್ ಮೆಲ್ಲಗೆ ತಿರುಗುತ್ತಿರುವಾಗ ಬಸ್ಸು ನಿಂತೇ ಇರುತ್ತದೆ. ಎಂಜಿನ್ನಿನ ವೇಗ ಹೆಚ್ಚಿಸಿದರೆ ಡೈನಮೊ ಬಲಗೊಂಡು, ಎಲ್ಲಿಯೂ ಜಗ್ಗದೆ ಬಸ್ಸು ಹೊರಡುತ್ತದೆ. ಏರು ಬಂದಾಗ ಮೋಟಾರು ನಿಧಾನಗೊಳ್ಳುತ್ತದೆ. ನಿಧಾನಗೊಂಡಷ್ಟೂ ಅದರ ಎಳೆತ ಹೆಚ್ಚುತ್ತದೆ. ಚಾಲಕ ಹಳೆಯ ಸಾರಥಿಯಂತೆ ದಾರಿಯನ್ನು ನೋಡುತ್ತಿದ್ದರೆ ಸಾಕು; ಗೇರು ಬದಲಿಸುವ ಲೆಕ್ಕಾಚಾರವನ್ನು ವಿದ್ಯುತ್ತೇ ನೋಡಿಕೊಳ್ಳುತ್ತದೆ.

ಯುದ್ಧಕಾಲದಲ್ಲಿ ಸೇನೆಯು ಬೇರೆ ಬಸ್ಸುಗಳ ಚಾಸಿಗಳನ್ನು ವಶಪಡಿಸಿಕೊಂಡಾಗ, ತನ್ನ ಅಚ್ಚುಕಟ್ಟಿಗೆ ಹೊಂದದ ಈ ಗಾಡಿಗಳನ್ನು ಬಹುಮಟ್ಟಿಗೆ ಬಿಟ್ಟಿತು. ಹೀಗಾಗಿ ಇಂಗ್ಲೆಂಡಿನ ಸಣ್ಣ ಊರುಗಳಲ್ಲಿ ಇವು ಉಳಿದವು. ಆದರೆ ಡೈನಮೊ ಮತ್ತು ಮೋಟಾರಿನ ಭಾರವನ್ನು ಸದಾ ಹೊತ್ತು ಓಡಬೇಕಾದ್ದರಿಂದ ಪೆಟ್ರೋಲಿನ ಖರ್ಚು ಹೆಚ್ಚು. ಗೇರ್ ಪೆಟ್ಟಿಗೆಗಳು ಸುಧಾರಿಸಿ, ಲಗಾಮು ಹಿಡಿದಿದ್ದ ತಲೆಮಾರು ನಿವೃತ್ತಿಯತ್ತ ಸಾಗಿದಂತೆ ಈ ಯಂತ್ರದ ಅಗತ್ಯವೂ ಕುಗ್ಗಿತು.

ಆದರೂ ಆ ಕಲ್ಪನೆ ಸಾಯಲಿಲ್ಲ. 2012ರಲ್ಲಿ ಲಂಡನ್ನಿಗೆ ಬಂದ ಹೊಸ ರೂಟ್‌ಮಾಸ್ಟರ್ ಮಹಡಿ ಬಸ್ಸಿನಲ್ಲಿಯೂ ಎಂಜಿನ್ ವಿದ್ಯುತ್ತನ್ನು ಹುಟ್ಟಿಸುತ್ತದೆ, ಮೋಟಾರು ಚಕ್ರವನ್ನು ತಿರುಗಿಸುತ್ತದೆ. ನಡುವೆ ಬ್ಯಾಟರಿಯೊಂದು ಬಂದು ಕುಳಿತಿದೆ, ಅಷ್ಟೆ. ನಮ್ಮ ಮುಂಬಯಿಯಲ್ಲಂತೂ 2023ರ ಫೆಬ್ರವರಿಯಲ್ಲಿ ಎಂಜಿನ್ನೇ ಇಲ್ಲದ ವಿದ್ಯುತ್ ಮಹಡಿ ಬಸ್ಸುಗಳು ಬೀದಿಗಿಳಿದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಸ್ಟ್ ಸಂಸ್ಥೆಯ ಕೊನೆಯ ಡೀಸೆಲ್ ಮಹಡಿ ಬಸ್ಸುಗಳು ನಿವೃತ್ತವಾದವು. 1937ರಲ್ಲಿ ಈ ನಗರಕ್ಕೆ ಬಂದ ಮಹಡಿ ಬಸ್ಸಿನ ಪರಂಪರೆಯಲ್ಲಿ ಒಂದು ಅಧ್ಯಾಯ ಮುಗಿಯಿತು. ಒಂದೆರಡನ್ನಾದರೂ ಸಂಗ್ರಹಾಲಯಕ್ಕೆಂದು ಉಳಿಸಿಕೊಳ್ಳಬೇಕೆಂದು ಪ್ರಯಾಣಿಕರು ಆಗ ಕೇಳಿಕೊಂಡರು.

ಆ ಬೇಡಿಕೆಗೆ ಆಂಬರ್ಲಿಯ ಉದಾಹರಣೆಯಿಂದ ನಾವು ಇನ್ನೊಂದು ಮಾತನ್ನು ಸೇರಿಸಬೇಕು: ಉಳಿಸುವುದಾದರೆ ಓಡುವ ಸ್ಥಿತಿಯಲ್ಲಿಯೇ ಉಳಿಸಬೇಕು. ನಿಂತ ಬಸ್ಸು ತನ್ನ ಆಕಾರವನ್ನು, ಬಣ್ಣವನ್ನು, ಹೆಚ್ಚೆಂದರೆ ಮಾರ್ಗಸಂಖ್ಯೆಯನ್ನು ತೋರಿಸಬಲ್ಲದು. ಕಿರಿದಾದ ತಿರುವಿನಲ್ಲಿ ಮಹಡಿಯ ವಾಲುವಿಕೆಯನ್ನು ಅಂದಾಜಿಸಿ ಬ್ರೇಕು ಒತ್ತುತ್ತಿದ್ದ ಚಾಲಕನ ವಿದ್ಯೆ ಅದರಲ್ಲಿ ಕಾಣಸಿಗದು. ಆ ವಿದ್ಯೆಯನ್ನು ಬಲ್ಲವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರಿಂದ ಇನ್ನೊಬ್ಬರು ಅದನ್ನು ಕಲಿಯಬೇಕಾದರೆ ಬಸ್ಸೂ ಓಡುತ್ತಿರಬೇಕು.