ಅಮ್ಮನ ಪಾಲಿಗೆ ಬಂದ ಗಾಜು

ನಮ್ಮ ಹೊಸಕೋಟೆ ಸೀಮೆಯಲ್ಲಿ ಮನೆ ಪಾಲಾಗುವಾಗ ಹೊಲ ಗಂಡುಮಕ್ಕಳಿಗೆ, ಪಾತ್ರೆ ಪಡಗ ಹೆಣ್ಣುಮಕ್ಕಳಿಗೆ ಎಂಬುದು ಯಾರೂ ಬರೆದಿಡದ ಕಾನೂನಾಗಿತ್ತು. ಬರೆದ ಕಾನೂನು ಬಂದದ್ದು ತಡವಾಗಿ. 1994ರ ಜುಲೈ 30ರಿಂದ ಜಾರಿಯಾದ ಕರ್ನಾಟಕದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನ ಸಮ ಪಾಲು ಕೊಟ್ಟಿತಾದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಆ ಷರತ್ತು ಹೋದದ್ದು 2005ರ ಕೇಂದ್ರದ ತಿದ್ದುಪಡಿಯಿಂದ. ನಮ್ಮಮ್ಮನ ಮದುವೆ 1971ರಲ್ಲಿ. ಜಡಿಗೇನಹಳ್ಳಿಯ ಅವಳ ತವರು ಪಾಲಾದದ್ದು 2003ರಲ್ಲಿ. ಎರಡು ಕಾನೂನುಗಳ ಸಂದಿಯಲ್ಲಿ ಸಿಕ್ಕಿದ ಅಮ್ಮ, ಕೇಳಿದ ಕಡೆ ಸಹಿ ಹಾಕಿ, ಒಂದು ಮರದ ಪೆಟ್ಟಿಗೆ ತುಂಬ ಗಾಜಿನ ಸಾಮಾನು ತಂದಳು.

ತಾತ ಬೆಂಗಳೂರಿನ ದಂಡಿಗೆ ತರಕಾರಿ ಹಾಕುತ್ತಿದ್ದವರು. 1947ರಲ್ಲಿ ತಮ್ಮ ದೇಶಕ್ಕೆ ಹೊರಟ ಇಂಗ್ಲಿಷರ ಮನೆಗಳಿಂದ ಕೊಂಡದ್ದು ಕೆಲವು, ಆಮೇಲೆ ಅಜ್ಜಿ ಸೇರಿಸಿದ್ದು ಕೆಲವು. ಗುಜರಿಯವನು ಎಲ್ಲಕ್ಕೂ ಸೇರಿಸಿ ಇನ್ನೂರು ರೂಪಾಯಿ ಎಂದ. ಕೊಡುವ ಮೊದಲು ಒಂದೊಂದನ್ನೇ ತಿರುಗಿಸಿ ನೋಡಲು ನಾನು ಕೂತೆ.

ಗಾಜಿನ ಜಾತಕ ಅದರ ತಳದಲ್ಲಿರುತ್ತದೆ. ಊದಿ ಮಾಡಿದ್ದಾದರೆ ಅಲ್ಲಿ ಕಬ್ಬಿಣದ ಸರಳಿನಿಂದ ಬಿಡಿಸಿದ ಒರಟು ಗುರುತೋ, ಅದನ್ನು ಉಜ್ಜಿ ತೆಗೆದ ಗುಳಿಯೋ ಕಾಣಬಹುದು. ಅಚ್ಚಿನದ್ದಾದರೆ ಪಕ್ಕದಲ್ಲಿ ಕೂದಲೆಳೆಯಂಥ ಗೆರೆ ಬೆರಳಿಗೆ ತಗಲುತ್ತದೆ. ಕೊರೆದ ಗಾಜಿನ ಹೂಬಳ್ಳಿಯ ಅಂಚು ಚೂಪು, ಅಚ್ಚಿನದ್ದು ಮೊಂಡು. ಸೀಸ ಬೆರೆತದ್ದು ಎತ್ತಿದರೆ ಭಾರ, ಉಗುರಿನಿಂದ ತಟ್ಟಿದರೆ ಗಂಟೆಯಂತೆ ನಾದ ಎಳೆಯುತ್ತದೆ. ಅಂಥದ್ದರಲ್ಲಿ ಉಪ್ಪಿನಕಾಯಿ, ನಿಂಬೆ ಷರಬತ್ತು ಇಡಬೇಡಿ; ಹುಳಿಗೆ ಸೀಸ ಬಿಟ್ಟುಕೊಳ್ಳುತ್ತದೆ.

ದೊಡ್ಡ ಬಟ್ಟಲಿನ ತಳದಲ್ಲಿ ‘ಮೇಡ್ ಇನ್ ಚೆಕೊಸ್ಲೊವಾಕಿಯಾ’ ಎಂದಿತ್ತು. ಆ ದೇಶ ಹುಟ್ಟಿದ್ದೇ 1918ರಲ್ಲಿ. ತಾತ ಕೊಂಡದ್ದು 1947ರಲ್ಲಿ. ಬಟ್ಟಲಿನ ವಯಸ್ಸಿಗೆ ಎರಡು ಕಡೆಯೂ ಎಲ್ಲೆ ಸಿಕ್ಕಿತು. ಹಳದಿ ಹಸಿರಿನ ಪುಟ್ಟ ತಟ್ಟೆ, ಕಳ್ಳನೋಟು ಪರೀಕ್ಷಿಸುವ ನೇರಳೆ ದೀಪದಡಿ ಗಿಳಿಹಸಿರಾಗಿ ಉರಿಯಿತು. ಅದು ಯುರೇನಿಯಂ ಬೆರೆಸಿದ ಗಾಜು. ಬೊಹಿಮಿಯಾದಲ್ಲಿ 1830ರ ದಶಕದಿಂದ ಮಾಡುತ್ತಿದ್ದರು. ಲಾಂದ್ರದ ಮೇಲಿದ್ದ ‘ಪ್ರಭಾಕರ್’ ಎಂಬ ಹೆಸರು ಮಹಾರಾಷ್ಟ್ರದ ಕರಾಡ್ ಬಳಿ 1916ರಲ್ಲಿ ಶುರುವಾದ ಓಗಲೆ ಗಾಜಿನ ಕಾರ್ಖಾನೆಯದು. ಅಪ್ಪಟ ಸ್ವದೇಶಿ ಮಾಲು. ‘ಯೆರಾ’ ಲೋಟಗಳು ಅಲೆಂಬಿಕ್ ಕಂಪನಿಯವು. ಆ ಕಂಪನಿಯ ಒಂದು ಗಾಜಿನ ಕಾರ್ಖಾನೆ ನಮ್ಮ ವೈಟ್‌ಫೀಲ್ಡ್ ರಸ್ತೆಯಲ್ಲೇ ಇತ್ತು.

ನಿಮ್ಮ ಅಟ್ಟದಲ್ಲೂ ಇಂಥವು ಇದ್ದರೆ ಬೂದಿ, ನಾರು ಹಾಕಿ ತಿಕ್ಕಬೇಡಿ. ಚಕ್ಕೆ ಎದ್ದ ಅಂಚು, ಬಿರುಕು, ಮಂಜು ಕವಿದ ಒಳಮೈ ಬೆಲೆ ಇಳಿಸುತ್ತವೆ. ಪೂರ್ತಿ ಜೊತೆ, ಅದರದೇ ಮುಚ್ಚಳ, ಅಳಿಯದ ಗುರುತು ಏರಿಸುತ್ತವೆ. ಹಳೆಯದೆಲ್ಲ ದುಬಾರಿಯಲ್ಲ, ಎಲ್ಲರ ಮನೆಯಲ್ಲೂ ಇದ್ದದ್ದಕ್ಕೆ ಗಿರಾಕಿ ಕಡಿಮೆ. ಅಂಗಡಿಯವರು ಕೇಳುವ ಬೆಲೆ ಬೇರೆ, ನಿಜವಾಗಿ ಮಾರಾಟವಾಗುವ ಬೆಲೆ ಬೇರೆ. ಇಬ್ಬರನ್ನಾದರೂ ವಿಚಾರಿಸಿ.

ನಾನೂ ಇಬ್ಬರನ್ನು ವಿಚಾರಿಸಿದೆ. ಬಟ್ಟಲೊಂದಕ್ಕೇ ಹೇಳಿದ ಬೆಲೆ ಗುಜರಿಯವನದಕ್ಕಿಂತ ಬಹಳ ಹೆಚ್ಚು. ತವರಿನ ಒಂದು ಗುಂಟೆ ನೆಲದ ಮುಂದೆ ಏನೇನೂ ಅಲ್ಲ. ಎರಡನ್ನೂ ಅಮ್ಮನಿಗೆ ಹೇಳಿದೆ. ಅಮ್ಮ ನೋಟ್‌ಬುಕ್ ತರಿಸಿ ಸಾಮಾನಿನ ಪಟ್ಟಿ ಬರೆಸಿದಳು. ಒಂದರ ಎದುರು ನನ್ನ ಹೆಸರು, ಮುಂದಿನದರ ಎದುರು ತಮ್ಮನ ಹೆಸರು. ಕೊನೆಗೆ ತಾನಿದ್ದ ಸ್ವಂತ ಮನೆಯನ್ನೂ ಸೇರಿಸಿ, ಅದರೆದುರು ಇಬ್ಬರ ಹೆಸರನ್ನೂ ಬರೆಸಿದಳು. ಮುಂದಿನ ವಾರ ವಕೀಲರ ಬಳಿ ಹೋಗಿ ಅದನ್ನು ಉಯಿಲು ಮಾಡಿಸಿದಳು.